ಬರ್ತೀನಿ ಎನ್ನುವ ಪೆಟ್ಟಿಗೆ

5 ಆಗಸ್ಟ್ 1991, ಸೋಮವಾರ

ಇವತ್ತೂ ಕರೆಂಟ್ ಇಲ್ಲ. ಆದರೂ ಕಂಪ್ಯೂಟರ್ ಪೀರಿಯಡ್ ನಡೆಯಿತು! ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಸಾಲಾಗಿ ಒಳಗೆ ಬಂದವು. ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಯನ್ನು ನೋಡಿದವು. ಸಾಲಾಗಿ ಹೊರಗೆ ಹೋದವು. ದರ್ಶನ ಮುಗಿಯಿತು, ಮಂಗಳಾರತಿಯೊಂದು ಬಾಕಿ.

ಹೆಡ್‌ಮಾಸ್ಟರ್ ತ್ರಿಭುವನ ಸಿಂಗರು ಆ ಕೋಣೆಯ ಕೀಲಿಕೈಯನ್ನು ಜನಿವಾರಕ್ಕೆ ಗಂಟು ಹಾಕಿಕೊಂಡಿದ್ದಾರೆ. ‘ಹಾಥ್ ಮತ್ ಲಗಾಯಿಯೇ ಬಹಿನ್‌ಜೀ, ಸರ್ಕಾರಿ ಚೀಜ್ ಹೈ.’ ಮುಟ್ಟದೆ ಕಲಿಸುವುದು ಹೇಗೆ ಅಂದೆ. ‘ದಿಖಾಕೇ’ ಅಂದರು. ತೋರಿಸಿಯೇ ಕಲಿಸಬೇಕಂತೆ. ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಅನ್ನುತ್ತಾರೆ, ನಮ್ಮ ಕೈಗೆ ಅದನ್ನೂ ಕೊಡುವವರಿಲ್ಲ. ಗಣಿತ ಹೇಳಿಕೊಡುವವಳು ನಾನು. ಅದರೊಳಗಿರುವುದೂ ಗಣಿತವೇ ಅಂತೆ.

ಗಂಗೆ ಉಕ್ಕಿದೆ, ನಾವೆ ನಿಂತಿದೆ. ಕಾಶಿಯಿಂದ ಸ್ಕೂಲಿಗೆ ಬರಲು ಸೇತುವೆ ಸುತ್ತಿ ರಾಮನಗರ, ಅಲ್ಲಿಂದ ಟೆಂಪೋ, ಆಮೇಲೆ ಬದನೆ ಹೊಲಗಳ ಬದುವಿನ ಮೇಲೆ ನಡಿಗೆ. ಸಂಜೆ ವಾಪಸು ಮನೆ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ.

21 ಆಗಸ್ಟ್, ಬುಧವಾರ

ಲಖನೌದಿಂದ ಪ್ರಾಜೆಕ್ಟ್ ಆಫೀಸರ್ ಬಂದಿದ್ದರು. ಟೀಚರ್‌ಗಳಿಗೆಲ್ಲ ಟ್ರೈನಿಂಗ್. ಫ್ಲಾಪಿ ಹಾಕುವುದು, ತೆಗೆಯುವುದು. ಮೊದಲು ಮಗುವಿನ ಹೆಸರು ಕೇಳುತ್ತದೆ. ಲೆಕ್ಕ ಕೊಡುತ್ತದೆ. ಸರಿ ಬಂದರೆ ಹೂವು ಅರಳುತ್ತದೆ, ತಪ್ಪಿದರೆ ಇನ್ನೂ ಸುಲಭದ್ದು ಕೊಡುತ್ತದೆ. ‘ಇದಕ್ಕೆ ಲರ್ನಿಂಗ್ ಸಾಫ್ಟ್‌ವೇರ್ ಅನ್ನುತ್ತಾರೆ’ ಅಂದರು. ಸಂಸ್ಕೃತದ ಪಾಂಡೇಜಿ ಕೈ ಎತ್ತಿ ಕೇಳಿದರು: ‘ಸೀಖತಾ ಕೌನ್ ಹೈ ಸಾಬ್? ಹಮ್ ಕಿ ಯೇ?’ ಕಲಿಯುವವರು ಯಾರು, ನಾವೋ ಇದೋ? ಎಲ್ಲರೂ ನಕ್ಕರು. ಆಫೀಸರ್ ಕೂಡ ನಕ್ಕರು. ನಗುತ್ತಲೇ ಫ್ಲಾಪಿ ತೆಗೆದು ಕವರಿಗೆ ಹಾಕಿದರು.

ತೆರೆಯ ಮೇಲಿನ ಮಾತುಗಳೆಲ್ಲ ಇಂಗ್ಲಿಷಿನಲ್ಲಿವೆ. ಹಳ್ಳಿ ಮಕ್ಕಳಿಗೆ ಹಿಂದಿ ಬೇಕು. ಆ ಕೆಲಸ ನನ್ನ ತಲೆಗೆ ಬಂತು. ‘ಆಪ್ ಸೌತ್ ಕೀ ಹೈಂ, ಇಂಗ್ಲಿಷ್ ಜಾನತೀ ಹೈಂ.’ ಗದಗಿನ ಹಿಂದಿ ಪರೀಕ್ಷೆ ಪಾಸು ಮಾಡಿದ್ದಕ್ಕೆ ಕಾಶಿಯಲ್ಲಿ ಸಿಕ್ಕಿದ ಬಹುಮಾನ!

ಅಡುಗೆ ಮುಗಿಸಿ ಬರೆಯಲು ಕೂತೆ. ವೆಲ್ ಡನ್ — ಶಾಬಾಶ್. ಟ್ರೈ ಅಗೇನ್ — ಫಿರ್ ಕೋಶಿಶ್ ಕರೋ. ಕೊನೆಗೆ, ಪಾಠ ಮುಗಿದಾಗ ಮಗುವಿನ ಹೆಸರಿನ ಮುಂದೆ ಬರುವ ಮಾತು: ಬೈ. ಅಲ್ಲಿ ಪೆನ್ನು ನಿಂತಿತು. ಜಾತಾ ಹೂಂ? ಮಕ್ಕಳ ಮುಂದೆ ಪೆಟ್ಟಿಗೆಯಿಂದ ‘ಹೋಗ್ತೀನಿ’ ಎಂದು ಹೇಳಿಸುವುದೇ? ಅತ್ತೆ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದರು. ಕೇಳಿದೆ.

‘ಹೋಗ್ತೀನಿ ಅಂತ ಯಾರರ ಅಂತಾರೇನ? ಸತ್ತವರು ಸೈತ ಅನ್ನೂದಿಲ್ಲ. ಬರ್ತೀನಿ ಅಂತ ಬರಿ. ಪೆಟ್ಟಿಗಿ ಆದ್ರೇನಾತು, ನಾಳೆ ಮತ್ತ ಮಕ್ಕಳ ಮುಂದ ಬರಬೇಕಲ್ಲ?’

ಬರೆದೆ. ಕಂಪ್ಯೂಟರ್ ಹಿಂದಿಯಲ್ಲಿ ಗಂಡು. ಹಾಗಾಗಿ — ಆತಾ ಹೂಂ. ಓದಿದರೆ ಕಿವಿಗೂ ಇಂಪಾಗಿದೆ. ನನಗೇ ನಾನು ಶಾಬಾಶ್ ಅಂದುಕೊಂಡೆ.

11 ನವೆಂಬರ್, ಸೋಮವಾರ

ಹಿಂದಿ ಫ್ಲಾಪಿ ಬಂತು. ಕರೆಂಟೂ ಇತ್ತು. ನಾನು ಬರೆದ ಮಾತುಗಳು ತೆರೆಯ ಮೇಲೆ ಹಸಿರಾಗಿ ಹೊಳೆದಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಏಕೆ ಹೇಳಲಿ.

ಮಕ್ಕಳಿಗೆ ಕೊನೆಯ ಸಾಲೇ ಮೋಜು. ‘ಮುನ್ನಾ, ಆತಾ ಹೂಂ.’ ‘ಏ ಮುನ್ನಾ, ಮಶೀನ್ ತೋಹರೇ ಘರೇ ಆವತ ಹೌ!’ ನಿನ್ನ ಮನೆಗೆ ಬರುತ್ತದಂತೆ ಕಣೋ, ಒಂದು ಲೋಟ ಹೆಚ್ಚಿಗೆ ಹಾಲು ಹೇಳು.

ಎಂಟನೇ ಕ್ಲಾಸಿನ ಸುಗನಿ ಕೊನೆಗೆ ಕೂತಳು. ರಾಮಜತನ್ ಎಂಬ ಬದನೆ ಬೆಳೆಗಾರನ ಮಗಳು. ಲೆಕ್ಕವೆಂದರೆ ಪ್ರಾಣ. ತಪ್ಪಿದರೆ ನಾಲಗೆ ಕಚ್ಚಿಕೊಂಡು ನಗುತ್ತಾಳೆ. ಹಸುಗೂಸಿದ್ದಾಗಲೇ ಮದುವೆ ಮಾಡಿದ್ದಾರೆ, ಇನ್ನು ಗೌನಾ ಬಾಕಿ. ಗೌನಾ ಆಯಿತೆಂದರೆ ಗಂಡನ ಮನೆಗೆ ಹೋದಳೆಂದೇ, ಸ್ಕೂಲಿಗೆ ಮತ್ತೆ ಬರುವುದಿಲ್ಲ. ಪೆಟ್ಟಿಗೆ ಕೊಟ್ಟ ಲೆಕ್ಕಗಳನ್ನೆಲ್ಲ ಮಾಡಿ ಮುಗಿಸಿದಳು. ‘ಸುಗನಿ, ಆತಾ ಹೂಂ’ ಎಂದು ಬಂತು. ಒಳ್ಳೆಯ ಮನೆಯ ಹುಡುಗಿ. ಬರುತ್ತೇನೆ ಎಂದವರಿಗೆ ಏನು ಹೇಳಬೇಕೋ ಅದನ್ನು ಹೇಳಿದಳು.

‘ಆವಾ.’ ಬನ್ನಿ.

ಆಮೇಲೆ ಪೆಟ್ಟಿಗೆ ನಿಂತುಬಿಟ್ಟಿತು. ಯಾವ ಕೀ ಒತ್ತಿದರೂ ಆ ಸಾಲು ಹೋಗಲಿಲ್ಲ. ಸ್ವಿಚ್ ಆರಿಸಿದೆ. ತೆರೆ ಕಪ್ಪಾಯಿತು, ಆದರೆ ಓರೆಯಾಗಿ ನೋಡಿದರೆ ಅಕ್ಷರಗಳ ಗುರುತು ಇನ್ನೂ ಇತ್ತು. ತುಂಬ ಹೊತ್ತು ಒಂದೇ ಸಾಲು ನಿಂತರೆ ಹಾಗಾಗುತ್ತದಂತೆ.

12 ನವೆಂಬರ್

ಸ್ಕೂಲಿನ ಬಾವಿಯ ಪಕ್ಕ ಅರಳಿಮರವಿದೆ, ಅದರ ಬುಡದಲ್ಲಿ ಬರಮ್ ಬಾಬಾ. ಆಸೆ ತೀರದೆ ಸತ್ತ ಯಾರೋ ಬ್ರಾಹ್ಮಣನಂತೆ. ಜನ ಜನಿವಾರ, ಮರದ ಪಾದುಕೆ ಇಟ್ಟು ಕೈ ಮುಗಿಯುತ್ತಾರೆ. ಕರೆಯದೆ ಅವನು ಯಾರ ಹೊಸ್ತಿಲನ್ನೂ ದಾಟುವುದಿಲ್ಲವಂತೆ.

ಬೆಳಿಗ್ಗೆ ಆ ಪಾದುಕೆಗಳು ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿದ್ದವು. ನಮ್ಮ ಮಕ್ಕಳು ಚಪ್ಪಲಿ ಬಿಡುವ ಜಾಗದಲ್ಲಿ, ಜೋಡಿಯಾಗಿ, ಮುಖ ಒಳಗೆ ಮಾಡಿ.

ಯಾವನೋ ಕಿಡಿಗೇಡಿಯ ಕೆಲಸ. ಎಲ್ಲರನ್ನೂ ಗದರಿದೆ. ಒಬ್ಬರೂ ಒಪ್ಪಲಿಲ್ಲ, ಒಬ್ಬರೂ ನಗಲಿಲ್ಲ.

3 ಡಿಸೆಂಬರ್, ಮಂಗಳವಾರ

ಬರೆಯಲು ಮನಸ್ಸೇ ಆಗಿರಲಿಲ್ಲ. ಊರಲ್ಲೆಲ್ಲ ಒಂದೇ ಮಾತು: ಸುಗನಿ ಕರೆದಳು, ಬರಮ್ ಬರ್ತೀನಿ ಅಂದ. ಅವಳ ಪಕ್ಕ ಯಾರೂ ಕೂರುವುದಿಲ್ಲ. ಕಂಪ್ಯೂಟರ್ ಕೋಣೆಯಿಂದ ಹೊರಗೆ ಹೋಗುವಾಗ ಮಕ್ಕಳು ಹಿಂದು ಹಿಂದಾಗಿ ನಡೆಯುತ್ತವೆ, ಪೆಟ್ಟಿಗೆಗೆ ಬೆನ್ನು ತೋರಿಸುವುದಿಲ್ಲ. ಪಾಂಡೇಜಿ ಕೂಡ. ಕಂಡರೂ ಕಾಣದ ಹಾಗೆ ಇದ್ದೆ.

ಊಟ ಬಡಿಸುವಾಗ ಇವರಿಗೆ ಹೇಳಿದೆ. ಇವರು ಹುಟ್ಟಿದ್ದೇ ಕಾಶಿಯಲ್ಲಿ, ಮಠದ ಕಚೇರಿಯಲ್ಲಿ ಕೆಲಸ. ಗಂಗೆಯ ನೀರಿನ ಹಾಗೆ ಹಿಂದಿ. ತುತ್ತು ಕೈಯಲ್ಲೇ ಹಿಡಿದು ನಕ್ಕರು.

‘ಆತಾ ಹೂಂ ಅಂತ ಬರದೀಯೇನ? ಅಯ್ಯ ನಿನ್ನ! ಅದು ನಮ್ಮ ಬರ್ತೀನಿ ಅಲ್ಲ ಮಾರಾಯ್ತಿ. ಯಾರರ ಕೂಗಿದಾಗ ಒಳಗಿಂದ “ಬಂದೆ ಬಂದೆ” ಅಂತೀವಲ್ಲ, ಅದು. ಕರದವರಿಗೆ ಕೊಡೂ ಉತ್ತರ.’

ಹೊರಡುವವರ ಮಾತನ್ನು ಬರೆದೆ ಎಂದುಕೊಂಡಿದ್ದೆ. ಅಲ್ಲಿಯವರು ಓದಿದ್ದು ಬರುವವರ ಮಾತು. ನಗು ಬರಲಿಲ್ಲ. ಅನ್ನ ಬಡಿಸಿದ ಪಾತ್ರೆ ಹಿಡಿದು ಹಾಗೇ ನಿಂತಿದ್ದೆ.

7 ಡಿಸೆಂಬರ್, ಶನಿವಾರ

ಆಫೀಸರಿಗೆ ಪತ್ರ ಹಾಕಿದೆ. ಆ ಸಾಲು ತೆಗೆದು ‘ಫಿರ್ ಮಿಲೇಂಗೇ’, ಮತ್ತೆ ಸಿಗೋಣ, ಎಂದು ಮಾಡಿ ಕಳಿಸಿ ಅಂತ.

ಸುಗನಿಯನ್ನು ಕೂರಿಸಿಕೊಂಡು ಹೇಳಿದೆ. ಇದು ಬರಮ್ ಅಲ್ಲಮ್ಮ, ನನ್ನ ತಪ್ಪು, ನಮ್ಮ ಭಾಷೆಯಲ್ಲಿ ಹೊರಡುವಾಗ ಹಾಗೆ ಅನ್ನುತ್ತೇವೆ, ನಾಳೆ ಊರವರಿಗೆಲ್ಲ ಹೇಳಿಬಿಡುತ್ತೇನೆ. ಅವಳ ಮುಖ ಬಿಳಿಚಿತು. ನನ್ನ ಸೆರಗು ಹಿಡಿದಳು.

‘ಮತ್ ಕಹಾ ಬಹಿನ್‌ಜೀ.’ ಹೇಳಬೇಡಿ.

ಅವಳ ಮಾವ ಈ ಸುದ್ದಿ ಕೇಳಿ ಗೌನಾ ಮುಂದೆ ಹಾಕಿದ್ದಾನಂತೆ. ಬರಮ್ ಹಿಡಿದವಳನ್ನು ಯಾರು ಮನೆಗೆ ತುಂಬಿಸಿಕೊಳ್ಳುತ್ತಾರೆ? ಗಂಡ ಎನ್ನುವವನಿಗೆ ಇವಳ ಎರಡರಷ್ಟು ವಯಸ್ಸು. ಸೂರತ್ತಿನ ಮಿಲ್ಲಿನಲ್ಲಿದ್ದಾನೆ. ಈ ವರ್ಷ ಎಂಟನೇ ಕ್ಲಾಸಿನ ಪರೀಕ್ಷೆ ಕಟ್ಟಬೇಕು ಅವಳಿಗೆ, ಆಮೇಲೆ ಒಂಬತ್ತನೇ ಕ್ಲಾಸಿಗೆ ರಾಮನಗರದ ಇಂಟರ್ ಕಾಲೇಜು ಸೇರಬೇಕು. ಯಾರೂ ಪಕ್ಕದಲ್ಲಿ ಕೂರದಿದ್ದರೆ ಏನಂತೆ, ಬೆಂಚು ಅಗಲವಾಯಿತು — ಹಾಗಂದಳು! ನಕ್ಕಳು ಕೂಡ.

ನನ್ನ ಪೆದ್ದತನವೇ ಹುಡುಗಿಗೆ ಕೋಟೆಯಾಗಿದೆ. ಸತ್ಯ ಹೇಳಿದರೆ ಅವಳು ಹೋದಳು. ಸುಮ್ಮನಿದ್ದರೆ ನಾನು ಸುಳ್ಳಿ. ಬಾಯಿ ಮುಚ್ಚಿಕೊಂಡು ಬಂದೆ.

21 ಜನವರಿ 1992, ಮಂಗಳವಾರ

ಮಂಜು. ರಾಮನಗರದ ಕೋಟೆಯೇ ಕಾಣುವುದಿಲ್ಲ. ಟೆಂಪೋದವನು ಕೈ ಹೊರಗೆ ಹಾಕಿ ದಾರಿ ತಡವುತ್ತಿದ್ದ.

ಸಂಕ್ರಾಂತಿ ಕಳೆಯಿತು, ಇನ್ನು ಗೌನಾಗಳ ಕಾಲ. ರಾಮಜತನ್ ಹೆಡ್‌ಮಾಸ್ಟರ ಮುಂದೆ ಕೈಮುಗಿದು ನಿಂತಿದ್ದ. ಒಳ್ಳೆಯ ಮನುಷ್ಯ, ಮಗಳನ್ನು ಹೊಡೆಯುವವನಲ್ಲ. ಆದರೆ ಬೀಗರು ಪಟ್ಟು ಹಿಡಿದಿದ್ದಾರೆ: ವಸಂತ ಪಂಚಮಿಯ ದಿನ ನಾವೇ ಬರುತ್ತೇವೆ, ನಮ್ಮ ಕಣ್ಣೆದುರು ಮಶೀನು ಅವಳ ಹೆಸರು ಹೇಳಲಿ. ‘ಆತಾ ಹೂಂ’ ಎಂದರೆ ಸಂಬಂಧ ಕಡಿಯಿತು. ಅನ್ನದಿದ್ದರೆ ಅವತ್ತೇ ಕರೆದುಕೊಂಡು ಹೋಗುತ್ತೇವೆ. ಮಿಕ್ಕ ಮಕ್ಕಳಿಗೂ ಅದು ಹಾಗೇ ಅನ್ನುತ್ತದೆಂದು ಅವರಿಗೆ ಗೊತ್ತಿಲ್ಲ.

‘ಸೈನ್ಸ್ ಕಾ ಪ್ರಯೋಗ್ ಹೋ ಜಾಯೇ’ ಅಂದರು ಹೆಡ್‌ಮಾಸ್ಟರ್, ಬಹಳ ಹುರುಪಿನಿಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

3 ಫೆಬ್ರವರಿ, ಸೋಮವಾರ

ತಿದ್ದಿದ ಫ್ಲಾಪಿ ಬಂದೇಬಿಟ್ಟಿತು. ಹಾಕಿ ನೋಡಿದೆ. ‘ಫಿರ್ ಮಿಲೇಂಗೇ.’ ಹಳೆಯದನ್ನು ವಾಪಸು ಕಳಿಸಬೇಕಂತೆ. ಕಳಿಸಿಲ್ಲ.

ಸುಗನಿ ಹತ್ತಿರ ಬಂದು ನಿಂತಳು. ನನ್ನ ಚೀಲವನ್ನೇ ನೋಡುತ್ತಿದ್ದಳು.

ಇನ್ನೊಂದು ವಿಷಯ. ಅವಳು ಬೆಂಚಿನ ತುದಿಗೆ ಕೂರುತ್ತಾಳೆ. ಪಕ್ಕಕ್ಕೆ ಯಾರೂ ಬರುವುದಿಲ್ಲ ಎಂದಮೇಲೆ ನಡುವೆ ಕೂರಬಹುದಲ್ಲ? ಕೇಳಿದೆ. ‘ಅಭೀ ಆಯೇ ನಹೀಂ’ ಅಂದಳು. ಇನ್ನೂ ಬಂದಿಲ್ಲ.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಹಾಗೆಂದೇ ಅಂದುಕೊಳ್ಳಬೇಕು.

8 ಫೆಬ್ರವರಿ, ಶನಿವಾರ, ಬೆಳಿಗ್ಗೆ

ವಸಂತ ಪಂಚಮಿ. ಎರಡೂ ಫ್ಲಾಪಿ ಚೀಲದಲ್ಲಿವೆ. ಎಣ್ಣೆ ನೀರು ಹಾಕಿಕೊಂಡು ಲಿಂಗಪೂಜೆಗೆ ಕೂತಾಗಲೂ ಅವೇ ಕಣ್ಣ ಮುಂದೆ. ಯಾವುದನ್ನು ಹಾಕಲಿ? ಇವರಿಗೆ ಹೇಳಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ. ಅತ್ತೆಗೆ ಹೇಳಿದರೆ ಹಳೆಯದನ್ನೇ ಹಾಕು ಅನ್ನುತ್ತಾರೆ.

ಅದೇ ದಿನ, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸರಸ್ವತಿ ಪೂಜೆಯಾಗಿತ್ತು. ಮಕ್ಕಳು ಪೆಟ್ಟಿಗೆಗೂ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದ್ದರು. ಕೋಣೆ ತುಂಬ ಬೂಂದಿಯ ವಾಸನೆ. ಹೆಡ್‌ಮಾಸ್ಟರ್ ಜನಿವಾರದಿಂದ ಕೀಲಿ ಬಿಚ್ಚಿ ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಸುಗನಿಯ ಮಾವ ದಪ್ಪ ಮೀಸೆಯ ಮನುಷ್ಯ, ಜತೆಗೆ ಇಬ್ಬರು. ಬೂಟು ಬಿಚ್ಚುವುದಿಲ್ಲ ಎಂದ. ಹೊಸ್ತಿಲ ಹತ್ತಿರ ಬಂದವನು ಯಾಕೋ ಬಿಚ್ಚಿದ. ರಾಮಜತನ್ ಗೋಡೆಗೆ ಒರಗಿ ನಿಂತ. ಸುಗನಿ ಹಳದಿ ಸೀರೆ ಉಟ್ಟಿದ್ದಳು, ಗೌನಾಕ್ಕೆ ತಯಾರು ಮಾಡಿಯೇ ಕರೆತಂದಿದ್ದರು. ಹೊರಗೆ ಅವರ ಜೀಪು ನಿಂತಿತ್ತು.

ಚೀಲಕ್ಕೆ ಕೈ ಹಾಕಿದೆ. ಹೊಸ ಫ್ಲಾಪಿಯ ಮೇಲೆ ಬಿಳಿ ಚೀಟಿ, ಹಳೆಯದರ ಮೇಲೆ ಹಳದಿ. ಒಂದು ಗಳಿಗೆ ಬಿಳಿಯದೇ ಕೈಗೆ ಬಂತು. ಆ ಹುಡುಗಿಯ ಕಾಲಿಗೆ ಹೊಸ ಕಡಗ ತೊಡಿಸಿದ್ದರು, ದೊಡ್ಡದಾಗಿತ್ತು, ಬೀಳದಿರಲೆಂದು ದಾರ ಸುತ್ತಿದ್ದರು. ಅದನ್ನು ನೋಡಿದೆ. ಹಳದಿಯದನ್ನು ಹಾಕಿದೆ. ತಿಳಿದೇ ಹಾಕಿದೆ.

ಹೆಸರು ನಾನೇ ಒತ್ತಿದೆ. ಲೆಕ್ಕಗಳನ್ನು ಅವಳು ಮಾಡಿದಳು. ಹೂವು ಅರಳಿತು. ಮತ್ತೆ ಅರಳಿತು. ಮುಗಿಯಿತು. ‘ಸುಗನಿ’ ಎಂದು ಬಂತು. ಮುಂದಿನದು ನನಗೆ ಗೊತ್ತು. ನಾನೇ ಬರೆದದ್ದು.

‘ಸುಗನಿ, ಆ ಗಯಾ.’

ಬಂದೆ. ಬಂದಾಯಿತು.

ನಾನು ಹಾಗೆ ಬರೆದಿಲ್ಲ. ಆ ಮಾತು ಎಲ್ಲಿಯೂ ಇಲ್ಲ. ಕಣ್ಣುಜ್ಜಿ ಮತ್ತೆ ಓದಿದೆ. ಹೆಡ್‌ಮಾಸ್ಟರ್ ಗಟ್ಟಿಯಾಗಿ ಓದಿಬಿಟ್ಟರು, ಓದಿದ ಮೇಲೆ ಬಾಯಿ ಮುಚ್ಚಿಕೊಂಡರು. ಮಾವ ಬೂಟನ್ನು ಕೈಯಲ್ಲೇ ಹಿಡಿದು ಓಡಿದ. ಜೀಪಿನ ಸದ್ದು. ರಾಮಜತನ್ ಮುಖ ಮುಚ್ಚಿಕೊಂಡು ಅತ್ತ.

ಸುಗನಿ ಮಾತ್ರ ತೆರೆಯನ್ನು ನೋಡಲೇ ಇಲ್ಲ. ಬಾಗಿಲ ಕಡೆ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬೆಂಚಿನ ಮೇಲೆ ಆಚೆ ಸರಿದು ಜಾಗ ಮಾಡಿಕೊಟ್ಟಳು.

10 ಫೆಬ್ರವರಿ, ಸೋಮವಾರ

ಹಳದಿ ಫ್ಲಾಪಿ ಮತ್ತೆ ಹಾಕಿದೆ. ನನ್ನ ಹೆಸರು ಕೊಟ್ಟೆ, ಲೆಕ್ಕ ಮಾಡಿದೆ. ಆತಾ ಹೂಂ. ಪಾಂಡೇಜಿಯ ಹೆಸರು. ಆತಾ ಹೂಂ. ಸುಗನಿ ಎಂದು ಒತ್ತಿದೆ.

ಆತಾ ಹೂಂ.

ಸೋನಾರ್‌ಪುರದ ಎಸ್‌ಟಿಡಿ ಅಂಗಡಿಯಿಂದ ಲಖನೌಗೆ ಫೋನ್ ಮಾಡಿದೆ. ‘ಹಾಕಿದ್ದೇ ಬರುತ್ತದೆ ಮೇಡಂ, ಹಾಕದ್ದು ಬರುವುದಿಲ್ಲ’ ಅಂದರು ಆಫೀಸರ್. ನೀವು ಓದುವಾಗ ತಪ್ಪಿರಬೇಕು ಅಂದರು. ಹೂಂ ಅಂದೆ. ಅಷ್ಟು ಜನ ಒಟ್ಟಿಗೆ ಹೇಗೆ ತಪ್ಪಿ ಓದಿದೆವು ಎಂದು ಕೇಳಲಿಲ್ಲ.

ಇರಲಿ. ಸಂಬಂಧ ಕಡಿಯಿತು. ಹುಡುಗಿ ಉಳಿದಳು, ಪರೀಕ್ಷೆ ಕಟ್ಟುತ್ತಾಳೆ. ನಾನು ಬೇಡಿದ್ದೂ ಅದೇ ಅಲ್ಲವೇ.

24 ಫೆಬ್ರವರಿ, ಸೋಮವಾರ

ಉಳಿದಳೇ?

ಅಟೆಂಡೆನ್ಸ್ ಕರೆದಾಗ ಹಾಜಿರ್ ಅನ್ನುವ ಮೊದಲು ಪಕ್ಕಕ್ಕೆ ತಿರುಗಿ ನೋಡುತ್ತಾಳೆ, ಅಪ್ಪಣೆ ಕೇಳುವವಳ ಹಾಗೆ. ಸೀಬೆಹಣ್ಣು ತಂದರೆ ಹೋಳು ಮಾಡಿ ಅರ್ಧವನ್ನು ಬೆಂಚಿನ ಮೇಲಿಟ್ಟು, ಕಾದು, ಆಮೇಲೆ ತನ್ನದನ್ನು ತಿನ್ನುತ್ತಾಳೆ. ಆ ಅರ್ಧವನ್ನು ಕಾಗೆಯೂ ಮುಟ್ಟುವುದಿಲ್ಲ. ಲೆಕ್ಕ ತಪ್ಪುವುದೇ ಇಲ್ಲ ಈಗ. ಒಂದೂ ತಪ್ಪುವುದಿಲ್ಲ. ನಾಲಗೆ ಕಚ್ಚಿ ನಗುವುದೂ ಇಲ್ಲ.

ಇವತ್ತು ಬೋರ್ಡಿನ ಮೇಲೆ ನಾನೇ ಬೇಕೆಂದು ತಪ್ಪು ಬರೆದೆ. ನಗಲಿ ಎಂದು. ಅವಳು ಎದ್ದು ಬಂದು ಅಳಿಸಿ ಸರಿ ಬರೆದಳು. ಅಕ್ಷರ ಅವಳದಲ್ಲ. ಹಳೆಯ ಕಾಲದ ಗುಮಾಸ್ತರ ಕೈಯ ಹಾಗೆ ಉದ್ದುದ್ದ, ಬಾಗಿದ ಅಂಕಿಗಳು.

ಭಯವಾಗುತ್ತಿದೆ. ಒಬ್ಬ ಗಂಡನ ಮನೆಯಿಂದ ಬಿಡಿಸಿ ಇನ್ಯಾರ ಮನೆಗೆ ಕಳಿಸಿದೆ ನಾನು?

3 ಮಾರ್ಚ್, ಮಂಗಳವಾರ

ನಿನ್ನೆ ಶಿವರಾತ್ರಿ. ಮಠದಲ್ಲಿ ಜನವೋ ಜನ. ಅತ್ತೆಗೆ ಎಲ್ಲ ಹೇಳಿಬಿಟ್ಟೆ, ಹೇಳದೆ ಇರಲಾಗಲಿಲ್ಲ. ಅವರು ಬೈಯಲಿಲ್ಲ. ಸುಗನಿಯ ಹೆಸರು ಹೇಳಿ ವಿಭೂತಿ ಮಂತ್ರಿಸಿಕೊಟ್ಟರು.

‘ಬಂದವರು ಸುಮ್ನ ಕುಂದ್ರೂದಿಲ್ಲ ದಾಕ್ಷಾಯಣಿ. ಕರದವರನ್ನ ಹುಡಕ್ತಾರ. ಆ ಹುಡಿಗಿ ಕರದಿಲ್ಲ. ಬಾ ಅಂತ ಮರ್ಯಾದಿ ಮಾತಾಡೇತಿ, ಅಷ್ಟ. ಕರಿಯೂದ ಬ್ಯಾರೆ, ಬಾ ಅನ್ನೂದ ಬ್ಯಾರೆ.’

ವಿಭೂತಿಯನ್ನು ಇವತ್ತು ಸುಗನಿಯ ಹಣೆಗೆ ಹಚ್ಚಿದೆ. ಸುಮ್ಮನೆ ಹಚ್ಚಿಸಿಕೊಂಡಳು. ಆಮೇಲೆ ಬೆರಳಿನಿಂದ ಅರ್ಧ ಒರೆಸಿ, ಪಕ್ಕದ ಗಾಳಿಗೆ ಹಚ್ಚಿದಳು.

9 ಮಾರ್ಚ್, ಸೋಮವಾರ, ಮಧ್ಯಾಹ್ನ

ಮಕ್ಕಳು ಊಟಕ್ಕೆ ಹೋಗಿದ್ದವು. ಸುಗನಿ ನನ್ನ ಮೇಜಿನ ಹತ್ತಿರ ಬಂದಳು. ತುಂಬ ಸೊರಗಿದ್ದಾಳೆ. ಕಣ್ಣಿನ ಕೆಳಗೆ ಕಪ್ಪು. ರಾಮಜತನ್ ಹೇಳಿದ, ಮನೆಯಲ್ಲಿ ಮಲಗುವುದೂ ಇಲ್ಲವಂತೆ, ಗೋಡೆಗೆ ಒರಗಿ ಕೂತೇ ಇರುತ್ತಾಳಂತೆ, ಚಾಪೆಯ ಅರ್ಧ ಬಿಟ್ಟು.

‘ಬಹಿನ್‌ಜೀ, ಪೂಛತ್ ಹಉಅನ್.’ ಕೇಳುತ್ತಿದ್ದಾರೆ.

‘ಯಾರು?’

ಪಕ್ಕಕ್ಕೆ ಕಣ್ಣು ಹೊರಳಿಸಿದಳು.

‘ಏನು ಕೇಳುತ್ತಿದ್ದಾರೆ?’

‘ಹಮ್ಮೇ ಕೇ ಬೋಲಉಲಸ್?’

ನನ್ನನ್ನು ಕರೆದವರು ಯಾರು?

ಧ್ವನಿ ಅವಳದೇ. ಆದರೆ ಕೇಳಿ ಕೇಳಿ ಬೇಸತ್ತ ಧ್ವನಿ. ದಿನವೂ ಕೇಳುತ್ತಾರಂತೆ. ‘ನಾನಲ್ಲ ಅಂದೆ, ನಂಬುವುದಿಲ್ಲ. ನಾನು ಬಹಿನ್‌ಜೀ ಹೆಸರು ಹೇಳಲಿಲ್ಲ’ ಅಂದಳು, ಅಳುತ್ತಾ. ‘ನೀವು ನನಗೋಸ್ಕರ ಮಾಡಿದಿರಿ. ಹೇಳುವುದಿಲ್ಲ. ಎಷ್ಟು ಕೇಳಿದರೂ ಹೇಳುವುದಿಲ್ಲ.’

ಇಷ್ಟು ದಿನ ಗೋಡೆಗೆ ಒರಗಿ ಕೂತು ನನ್ನನ್ನು ಕಾಪಾಡುತ್ತಿದ್ದಳು ಈ ಮಗು! ಎದೆ ಒಡೆದುಹೋಯಿತು. ಎದ್ದು ಅವಳನ್ನು ತಬ್ಬಿಕೊಂಡೆ. ಮೂಳೆ ಮೂಳೆ. ನನಗೂ ಮನೆಯಿದೆ, ಇವರಿದ್ದಾರೆ, ಅತ್ತೆ ಇದ್ದಾರೆ. ಅವಳ ತಲೆಯ ಮೇಲಿಂದ, ಅವಳ ಪಕ್ಕದ ಖಾಲಿ ಜಾಗಕ್ಕೆ ಹೇಳಿದೆ. ಕನ್ನಡದಲ್ಲೇ ಬಂತು.

‘ನಾನು. ನಾನು ಕರೆದೆ. ಅವಳನ್ನು ಬಿಡು.’

ಕನ್ನಡ ತಿಳಿಯುವುದೋ ಇಲ್ಲವೋ ಎಂದು ಹಿಂದಿಯಲ್ಲೂ ಹೇಳಿದೆ. ಮೈನೇ ಬುಲಾಯಾ.

ಏನೂ ಆಗಲಿಲ್ಲ. ಕಿಟಕಿಯಲ್ಲಿ ಬಿಸಿಲು. ಹೊರಗೆ ಬಾವಿಯ ಗಡಗಡೆ ಸದ್ದು. ಸುಗನಿ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಳು, ನನ್ನ ತೋಳಿನ ಮೇಲೆಯೇ ನಿದ್ದೆ ಹೋದಳು. ನೆಲದ ಮೇಲೆ ಮಲಗಿಸಿದೆ. ಕೈಕಾಲು ಚಾಚಿ ಮಲಗಿದಳು, ಅಕ್ಕಪಕ್ಕ ಯಾರಿಗೂ ಜಾಗ ಬಿಡದೆ.

10 ಮಾರ್ಚ್, ಮಂಗಳವಾರ, ಸ್ಕೂಲು ಬಿಟ್ಟ ಮೇಲೆ

ಸುಗನಿ ಇವತ್ತು ಬೆಂಚಿನ ನಟ್ಟನಡುವೆ ಕೂತಿದ್ದಳು. ಅವಳು ಕರೆಯಲಿಲ್ಲ, ಹುಡುಗಿಯರು ತಾವಾಗಿಯೇ ಬಂದು ಎರಡೂ ಕಡೆ ತುಂಬಿಕೊಂಡರು. ಹೇಗೆ ತಿಳಿಯಿತೋ. ಭಿನ್ನರಾಶಿ ತಪ್ಪು ಮಾಡಿದಳು, ನಾಲಗೆ ಕಚ್ಚಿ ನಕ್ಕಳು. ಇನ್ನೊಂದೂ ತಪ್ಪು ಮಾಡಿದಳು. ಇಷ್ಟು ಸಂತೋಷದಿಂದ ಯಾವತ್ತೂ ತಪ್ಪು ಹಾಕಿರಲಿಲ್ಲ ನಾನು. ಪರೀಕ್ಷೆ ಪಾಸಾಗುತ್ತಾಳೆ. ರಾಮನಗರಕ್ಕೂ ಹೋಗುತ್ತಾಳೆ. ಹುಡುಗಿ ಉಳಿದಳು, ಈ ಸಲ ನಿಜವಾಗಿ.

ನನ್ನ ಕುರ್ಚಿಯ ಪಕ್ಕ ಒಂದು ಸ್ಟೂಲು ಇದೆ. ಮೊದಲ ಪೀರಿಯಡ್‌ನಲ್ಲಿ ಇರಲಿಲ್ಲ. ಯಾರಿಟ್ಟಿರಿ ಎಂದೆ. ಮಕ್ಕಳೆಲ್ಲ ಪುಸ್ತಕ ನೋಡಿದವು. ಬೆಲ್ ಹೊಡೆದಾಗ ಒಂದೊಂದೇ ಎದ್ದು ಹಿಂದು ಹಿಂದಾಗಿ ನಡೆದು ಹೊರಗೆ ಹೋದವು. ಇದು ಕಂಪ್ಯೂಟರ್ ಕೋಣೆಯಲ್ಲ. ಇಲ್ಲಿ ಬೆನ್ನು ತೋರಿಸಬಾರದು ಎನ್ನಲು ನನ್ನನ್ನು ಬಿಟ್ಟರೆ ಇನ್ಯಾರೂ ಇಲ್ಲ.

ಕೊನೆಯ ಟೆಂಪೋಗೆ ಇನ್ನೂ ಹೊತ್ತಿದೆ. ಬಿಸಿಲಿದೆ. ಮಾವಿನ ಹಲಗೆಯ ಸ್ಟೂಲು, ಪ್ಯೂನ್ ಒಂದೇ ಕೈಯಲ್ಲಿ ಎತ್ತಿಕೊಂಡು ಓಡಾಡುವಂಥದ್ದು. ಮೂಲೆಗಿಡೋಣವೆಂದು ಹಿಡಿದೆ. ಏಳಲಿಲ್ಲ. ಬಗ್ಗಿ ನೋಡಿದೆ, ಕಾಲುಗಳಿಗೆ ಮೊಳೆ ಹೊಡೆದಿಲ್ಲ, ಏನೂ ಇಲ್ಲ. ಪೆನ್ನು ಕೆಳಗಿಟ್ಟು ಎರಡೂ ಕೈ ಹಾಕಿ ನೋಡುತ್ತೇ—